ಹಸಿರು ವೈರು

ನನ್ನ ಮಗಳು ವಿಮಲ ಮೂರನೆಯ ಬಸುರಿಗೆ ತವರಿಗೆ ಬಂದದ್ದು ಎಂಬತ್ತನಾಲ್ಕನೇ ಇಸವಿ, ಶಿವರಾತ್ರಿ ಕಳೆದ ವಾರ. ಮೊದಲಿನ ಎರಡೂ ನಾಲ್ಕು ತಿಂಗಳು ದಾಟುವುದರೊಳಗೇ ಹೋಗಿದ್ದವು. ಇದಕ್ಕೆ ಆರು ತುಂಬಿ ಏಳು ನಡೆಯುತ್ತಿತ್ತು. ಈ ಕೂಸನ್ನು ಹೇಗಾದರೂ ಉಳಿಸಿಕೊಳ್ಳಬೇಕು ಎಂಬುದೊಂದೇ ಆಗ ನಮ್ಮ ಮನೆಯಲ್ಲಿ ಎಲ್ಲರ ತಲೆಯಲ್ಲಿ ಇದ್ದದ್ದು.

ಅಳಿಯ ದೇವೀರಪ್ಪ ಲಕ್ಕವಳ್ಳಿ ಡ್ಯಾಮಿನ ಆಫೀಸಿನಲ್ಲಿ ಗುಮಾಸ್ತ. ಬಸ್ಸಿನ ಕುಲುಕಾಟ ಬೇಡವೆಂದು ತರೀಕೆರೆಯಿಂದ ಬಾಡಿಗೆ ಕಾರು ಮಾಡಿಕೊಂಡು, ಎತ್ತಿನ ಗಾಡಿಗಿಂತ ನಿಧಾನವಾಗಿ ಓಡಿಸಿಕೊಂಡು ಅಜ್ಜಂಪುರಕ್ಕೆ ಕರೆತಂದ. ಹಿಂದಿನ ಸೀಟಿನಲ್ಲಿ ಅವಳು. ಡಿಕ್ಕಿಯಲ್ಲಿ ಹುಲ್ಲು ಹಾಸಿ ಇಟ್ಟ ಗಾಜಿನ ತೊಟ್ಟಿ. ದೇವೀರಪ್ಪನ ಕಾಲ ಸಂದಿಯಲ್ಲಿ ಒಂದು ಬಕೆಟ್ಟು, ಅದರೊಳಗೆ ಆರು ಕೆಂಪು ಮೀನು.

ನಮ್ಮ ಅವ್ವ ತೀರ್ಥಮ್ಮ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದವಳು ಬಕೆಟ್ಟಿನೊಳಕ್ಕೆ ಬಗ್ಗಿ ನೋಡಿದಳು.

“ಲಿಂಗ ಕಟ್ಟಿದೋರ ಮನೇಗೆ ಮೀನು ತಂದ್ರಲ್ಲಪ್ಪಾ ಅಳಿಯಂದ್ರು. ಸಾರಿಗೋ, ಪಲ್ಯಕ್ಕೋ?”

“ನೋಡಕ್ಕೆ ಕಣಜ್ಜಿ,” ಅಂದಳು ವಿಮಲ.

“ನೋಡಕ್ಕೆ ನಿನ್ ಗಂಡ ಇಲ್ವೇನೇ?”

“ಅವ್ರು ಆಫೀಸಿಗೆ ಹೋಗ್ತಾರೆ. ಇವು ಹೋಗಲ್ಲ.”

ದೇವೀರಪ್ಪ ನಾಚಿಕೊಂಡು ನನಗೆ ವಿವರ ಹೇಳಿದ. ಡಾಕ್ಟರು ಎದ್ದು ಓಡಾಡಬಾರದು ಎಂದಿದ್ದರು. ದಿನವಿಡೀ ಮಲಗಿ ಮಲಗಿ ಅವಳು ಮೊದಲಿನ ಎರಡನ್ನೇ ನೆನೆಸಿಕೊಂಡು ಅಳುತ್ತಿದ್ದಳು. ಡ್ಯಾಮಿನ ವರ್ಕ್‌ಶಾಪಿನ ವೆಲ್ಡರ್ ಒಬ್ಬ ಆಂಗಲ್ ಕಬ್ಬಿಣದ ಚೌಕಟ್ಟು ಮಾಡಿ, ಗಾಜು ಕೂರಿಸಿ, ಪುಟ್ಟಿ ಹಚ್ಚಿ ಈ ತೊಟ್ಟಿ ಮಾಡಿಕೊಟ್ಟ. ಮೀನು ಬಂದ ಮೇಲೆ ಅಳು ನಿಂತಿತ್ತು. ಇಷ್ಟು ಕೇಳಿದ ಮೇಲೆ ಅವ್ವನೂ ಸುಮ್ಮನಾದಳು. ಪೂಜೆ ಮಾಡುವ ಕೋಣೆಯ ಕಡೆಗೆ ಮಾತ್ರ ತೊಟ್ಟಿಯ ಮುಖ ಇರಬಾರದು ಎಂದಳು.

ನಾನು ವೈರ್‌ಮನ್. ಅಜ್ಜಂಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಮೋಟಾರ್ ವೈಂಡಿಂಗಿನ ಅಂಗಡಿ, ಜೊತೆಗೆ ಮನೆಗಳ ವೈರಿಂಗು. ಬೇಸಿಗೆ ಬಂತೆಂದರೆ ಓಲ್ಟೇಜು ಇಳಿದು ಇಳಿದು ಸುತ್ತಮುತ್ತಲ ಪಂಪ್‌ಸೆಟ್ಟಿನ ಮೋಟಾರುಗಳೆಲ್ಲ ಸುಟ್ಟು ನನ್ನ ಅಂಗಡಿಯ ಮುಂದೆ ಬಂದು ಕೂರುತ್ತವೆ. ಬೆಳಿಗ್ಗೆ ಆರಕ್ಕೆ ಹೋದರೆ ಉಣ್ಣಲು ಬರುವುದಕ್ಕೂ ಬಿಡುವಿರುತ್ತಿರಲಿಲ್ಲ. ಆದರೂ ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ ಮಗಳ ತೊಟ್ಟಿಯ ಕೆಲಸಕ್ಕೆ ಕೂತೆ.

ತೊಟ್ಟಿಗೆ ಎರಡು ಕರೆಂಟಿನ ಸಾಮಾನು. ಒಂದು, ನೀರಿನಲ್ಲಿ ಗಾಳಿಗುಳ್ಳೆ ಬಿಡುವ ಸಣ್ಣ ಪಂಪು. ಇನ್ನೊಂದು, ತಗಡಿನ ಮುಚ್ಚಳದ ಒಳಗೆ ಕೂರಿಸಿದ ಟ್ಯೂಬ್‌ಲೈಟು. ಪಂಪನ್ನು ನೀರಿಗಿಂತ ಮೇಲೆ, ಗೋಡೆಗೆ ಹಲಗೆ ಹೊಡೆದು ಇಟ್ಟೆ. ಕರೆಂಟು ಹೋದಾಗ ಕೊಳವೆಯಲ್ಲಿ ನೀರು ಹಿಂದಕ್ಕೆ ಹರಿದು ಪಂಪಿನೊಳಗೆ ಇಳಿಯಬಾರದು, ಅದಕ್ಕೆ. ವೈರನ್ನು ಪ್ಲಗ್ಗಿಗೆ ನೇರ ಒಯ್ಯದೆ ಕೆಳಗೆ ಜೋಲು ಬಿಟ್ಟು ಮತ್ತೆ ಮೇಲಕ್ಕೆ ತಂದೆ. ವೈರಿನ ಗುಂಟ ಇಳಿದ ನೀರು ಜೋಲಿನ ತುದಿಯಲ್ಲೇ ತೊಟ್ಟಿಕ್ಕಬೇಕು, ಪ್ಲಗ್ಗಿನೊಳಗೆ ಹೋಗಬಾರದು. ಸ್ವಿಚ್ಚನ್ನು ಕೈಗೆ ಸಿಗುವ ಹಾಗೆ, ಆದರೆ ನೀರು ಸಿಡಿಯದಷ್ಟು ದೂರದಲ್ಲಿ ಹಾಕಿದೆ.

“ಊಟ ಹಾಕೋಕೆ ಮುಂಚೆ ಸ್ವಿಚ್ ಆಫ್ ಮಾಡ್ಬೇಕು. ಆಮೇಲೆ ಈ ಮಣೆ ಮೇಲೆ ನಿಂತ್ಕೊಂಡೇ ಮುಚ್ಚಳ ಎತ್ತಬೇಕು. ತಿಳೀತಾ?”

“ಅಪ್ಪ, ಆರು ಮೀನಿಗೆ ಚಿಟಿಕೆ ರವೆ ಹಾಕೋಕೆ ಇಷ್ಟೊಂದು ಶಾಸ್ತ್ರನಾ? ಅಜ್ಜಿ ಪೂಜೆಗಿಂತ ಜಾಸ್ತಿ ಆಯ್ತಲ್ಲ.”

“ನಿಮ್ಮಜ್ಜಿ ಪೂಜೇಲಿ ತಪ್ಪಾದ್ರೆ ದೇವ್ರು ಸುಮ್ನಿರ್ತಾನೆ. ಇದು ಇರಲ್ಲ.”

ಅವಳು ನಕ್ಕಳು. ಮಣೆ ಅವ್ವನ ಹಳೆಯ ಊಟದ ಮಣೆ, ಹಲಸಿನದು. ವಿಮಲ ದಿನಾ ಅದರ ಮೇಲೆ ನಿಂತೇ ಮೀನಿಗೆ ಹಾಕುತ್ತಿದ್ದಳು. ಮಂಚವನ್ನು ತೊಟ್ಟಿಯ ಎದುರಿಗೆ ಎಳೆಸಿಕೊಂಡು, ಮಗ್ಗುಲಾಗಿ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು. ಕೂಸು ಒದ್ದರೆ ನನ್ನ ಹೆಂಡತಿ ಪ್ರೇಮಮ್ಮನನ್ನು ಕರೆದು ಮುಟ್ಟಿಸುತ್ತಿದ್ದಳು. ನನ್ನನ್ನು ಕರೆಯುತ್ತಿರಲಿಲ್ಲ, ಅಂಥದಕ್ಕೆ ಅಪ್ಪನನ್ನು ಕರೆಯುವುದಿಲ್ಲವಲ್ಲ. ಆದರೆ ಅಡುಗೆಮನೆಯಿಂದ ಪ್ರೇಮಮ್ಮ, “ಬಿಡೇ, ಮೀನಿಗಿಂತ ಇದರ ಆಟವೇ ಜೋರು,” ಅನ್ನುವುದು ನನಗೂ ಕೇಳುತ್ತಿತ್ತು.

ಯುಗಾದಿಯ ಹೊತ್ತಿಗೆ ಒಂದು ದಿನ ಉಣ್ಣುತ್ತಾ ಕೂತಿದ್ದಾಗ ವಿಮಲ ಹೇಳಿದಳು.

“ಅಪ್ಪ, ಮುಚ್ಚಳ ಮುಟ್ಟಿದ್ರೆ ಬೆರಳಿಗೆ ಜುಮ್ ಅನ್ನುತ್ತೆ ಕಣಪ್ಪ. ಮಣೆ ಮೇಲಿಂದ ಒಂದು ಕಾಲು ಕೆಳಗಿಟ್ರೆ ಮಾತ್ರ.”

ತುತ್ತು ಅಲ್ಲೇ ಬಿಟ್ಟು ಎದ್ದೆ. ಟೆಸ್ಟರ್ ಇಟ್ಟರೆ ಮುಚ್ಚಳದಲ್ಲಿ ಸಣ್ಣಗೆ ಬೆಳಗಿತು. ಬಿಚ್ಚಿ ನೋಡಿದೆ. ನೀರಿನ ಹಬೆ ತಗಡಿಗೆ ತಾಗಿ, ಹನಿಯಾಗಿ, ಟ್ಯೂಬ್‌ಲೈಟಿನ ಚೋಕಿನೊಳಗೆ ಇಳಿದಿತ್ತು. ಅಲ್ಲಿಂದ ಕರೆಂಟು ತಗಡಿಗೆ, ತಗಡಿನಿಂದ ಕಬ್ಬಿಣದ ಚೌಕಟ್ಟಿಗೆ. ಚೋಕನ್ನು ಬಿಸಿಲಲ್ಲಿ ಒಣಗಿಸಿ, ಮೋಟಾರಿಗೆ ಹಚ್ಚುವ ವಾರ್ನಿಷ್ ಹಚ್ಚಿ, ಟೇಪು ಸುತ್ತಿ ಮತ್ತೆ ಕೂರಿಸಿದೆ. ಟೆಸ್ಟರ್ ಬೆಳಗುವುದು ನಿಂತಿತು. ಆದರೆ ನೀರಿನ ಮೇಲಿನ ತಗಡಿನಲ್ಲಿ ಚೋಕಿದ್ದರೆ ಇವತ್ತಲ್ಲ ನಾಳೆ ಮತ್ತೆ ಸೋರುತ್ತದೆ. ಚೋಕನ್ನೇ ಬಿಚ್ಚಿ ಗೋಡೆಗೆ ಹೊಡೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅದು ಆಗ ಹೊಳೆಯಲಿಲ್ಲ. ನನಗೆ ಹೊಳೆದದ್ದು ಅರ್ತ್ ಮಾತ್ರ.

ಅರ್ತ್ ಅಂದರೆ ಇಷ್ಟೇ. ಕಬ್ಬಿಣಕ್ಕೆ ಒಂದು ಹಸಿರು ವೈರು ಕಟ್ಟಿ ಅದನ್ನು ನೆಲದೊಳಗೆ ಇಳಿಸಿರಬೇಕು. ಕರೆಂಟು ಕಬ್ಬಿಣಕ್ಕೆ ಸೋರಿದ ಕೂಡಲೇ ಆ ದಾರಿಯಲ್ಲಿ ಒಮ್ಮೆಲೇ ನೆಲಕ್ಕೆ ನುಗ್ಗುತ್ತದೆ, ಆ ರಭಸಕ್ಕೆ ಫ್ಯೂಸ್ ಸುಡುತ್ತದೆ, ಮುಟ್ಟುವವರು ಉಳಿಯುತ್ತಾರೆ. ಆದರೆ ನೆಲದೊಳಗೆ ತೇವ ಇರಬೇಕು. ಅದಕ್ಕೇ ಆರಡಿ ಗುಂಡಿ ತೋಡಿ, ಪೈಪು ನಿಲ್ಲಿಸಿ, ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ಸುರಿದು ಮುಚ್ಚುವುದು. ಊರಿನ ಎಷ್ಟೋ ಮನೆಗೆ, ಅಕ್ಕಿ ಗಿರಣಿಗೆ, ಈರುಳ್ಳಿ ಮಂಡಿಗೆ ಹಾಗೆ ಹಾಕಿಸಿದ್ದೆ. ನಮ್ಮ ಮನೆಯಲ್ಲಿದ್ದದ್ದು ನಾಲ್ಕು ಬಲ್ಬು, ಒಂದು ರೇಡಿಯೋ. ಹಾಕಿಸಿರಲಿಲ್ಲ.

ಮಾರನೆಯ ದಿನ ಗುಂಡಿ ತೋಡುವ ಬೀರಪ್ಪನನ್ನು ಹಾರೆ ಗುದ್ದಲಿ ಸಮೇತ ಕರೆದುಕೊಂಡು ಬಂದೆ. ಹಿತ್ತಿಲಿನಲ್ಲಿ ಅವನು ಮೊದಲನೆಯ ಏಟು ಹಾಕುವುದರೊಳಗೆ ಅವ್ವ ಬಂದಳು.

“ಏನೋ ಅದು?”

“ಅರ್ತಿಂಗ್ ಗುಂಡಿ ಕಣವ್ವ. ಆ ತೊಟ್ಟಿಗೆ.”

“ಬಸುರಿ ಹೆಂಗ್ಸು ಮನೇಲಿರೋವಾಗ ನೆಲ ತೋಡ್ತಾರೇನೋ?”

“ತೋಡಬಾರ್ದು ಅನ್ನೋದು ಗಂಡನಿಗೆ. ನಾನು ಅಪ್ಪ.”

“ಮನೆ ಒಂದೇ ಅಲ್ವೇನೋ? ಆಳುದ್ದ ಗುಂಡಿ, ಒಳಗೆ ಉಪ್ಪು. ನಿಮ್ಮಪ್ಪನ್ನ ಕೂರಿಸಿ ಮಣ್ಣು ಮಾಡಿದಾಗ ಎಷ್ಟು ಮೂಟೆ ಉಪ್ಪು ಸುರಿದ್ರು ಅಂತ ನೆಪ್ಪೈತಾ ನಿಂಗೆ? ಎರಡು ಹೋಗೈತೆ. ಮೂರನೇದು ಹೊಟ್ಟೇಲಿರೋವಾಗ ಹಿತ್ಲಲ್ಲಿ ಅಂಥ ಗುಂಡಿ ತೋಡಿ ಬಾಯಿ ತೆರೆದಿಡ್ತೀಯಾ?”

ಬೀರಪ್ಪ ಹಾರೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದ. “ಅಜ್ಜಿ ಹೇಳೋದೂ ಸರಿ ಐತೆ ಯಜಮಾನ್ರೆ. ಹೆರಿಗೆ ಆಗ್ಲಿ, ಬಂದು ಬಿಟ್ಟಿ ತೋಡ್ಕೊಡ್ತೀನಿ.”

“ನೀನ್ಯಾವಾಗ ಪಂಚಾಂಗ ಕಲ್ತ್ಯೋ?” ಅಂದೆ.

“ನಾನು ಕಲ್ತಿಲ್ಲ. ನಮ್ಮನೇಳು ಕಲ್ತವ್ಳೆ. ಇಲ್ಲಿ ತೋಡ್ದೆ ಅಂತ ಗೊತ್ತಾದ್ರೆ ನಂಗೆ ಇವತ್ತು ಮುದ್ದೆ ಇಲ್ಲ.”

ನಾನು ಅವ್ವನ ಮುಖ ನೋಡಿದೆ. ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಪ್ರೇಮಮ್ಮ ಅಡುಗೆಮನೆಯ ಬಾಗಿಲಿನಿಂದ, “ಬೇಡ ಬಿಡ್ರಿ. ಎರಡು ತಿಂಗ್ಳು ತಾನೆ,” ಅಂದಳು. ನಾಳೆ ಏನಾದರೂ ಆದರೆ ಈ ಗುಂಡಿಯ ಮಾತು ಸಾಯುವವರೆಗೂ ಕೇಳಬೇಕು ಎಂದು ನನಗೂ ಅನಿಸಿತು. ನಿಜ ಹೇಳಬೇಕೆಂದರೆ, ಅದಕ್ಕಿಂತ ಒಳಗೆ, ಅವ್ವ ಹೇಳಿದ್ದು ಸರಿಯಿದ್ದರೆ ಎಂಬ ಅಳುಕು ನನಗೂ ಇತ್ತು. ಬೀರಪ್ಪನಿಗೆ ಕಾಫಿ ಕುಡಿಸಿ ಕಳಿಸಿದೆ.

ಆದರೆ ವಿಮಲ ಬಿಡಲಿಲ್ಲ. ದಿನಾ ಕೇಳುತ್ತಿದ್ದಳು. “ಅರ್ತ್ ಯಾವಾಗಪ್ಪ?” ಅವಳ ಹೊಟ್ಟೆ ದೊಡ್ಡದಾಗುತ್ತಿತ್ತು, ಮಣೆ ಹತ್ತಿ ಇಳಿಯುವುದು ಕಷ್ಟವಾಗುತ್ತಿತ್ತು. ಒಂದು ಸಲ ಎಡವಿ ಮಂಚ ಹಿಡಿದುಕೊಂಡಳು. ಲೈಟು ತೆಗೆದುಬಿಡುತ್ತೇನೆ ಎಂದರೆ, ನಡುಮನೆಯ ಕತ್ತಲಲ್ಲಿ ಮೀನೇ ಕಾಣುವುದಿಲ್ಲ, ಮತ್ತೆ ಗೋಡೆ ನೋಡಿಕೊಂಡು ಮಲಗಬೇಕು ಎಂದಳು.

ಅವ್ವ ಸಖರಾಯಪಟ್ಟಣಕ್ಕೆ ತನ್ನ ತಂಗಿಯ ಮನೆಗೆ ಹೋದ ದಿನ ನಾನೊಂದು ಕೆಲಸ ಮಾಡಿದೆ. ಅಂಗಡಿಯಲ್ಲಿದ್ದ ಮೂರಡಿ ಪೈಪಿನ ತುಂಡು ತಂದು ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಸುತ್ತಿಗೆಯಲ್ಲಿ ಬಡಿದು ನಾಟಿದೆ. ಗುಂಡಿ ತೋಡಲಿಲ್ಲ. ಉಪ್ಪಿಲ್ಲ, ಇದ್ದಿಲಿಲ್ಲ. ನಮ್ಮ ಕೇರಿಯದು ಕಲ್ಲುನೊರಜಿನ ನೆಲ. ಎರಡಡಿ ಇಳಿದು ಪೈಪು ನಿಂತಿತು. ಅದಕ್ಕೆ ಹಸಿರು ವೈರು ಕಟ್ಟಿ, ಕಿಟಕಿಯಿಂದ ಒಳಗೆ ತಂದು, ತೊಟ್ಟಿಯ ಚೌಕಟ್ಟಿಗೂ ಮುಚ್ಚಳಕ್ಕೂ ಸ್ಕ್ರೂ ಹಾಕಿ ಬಿಗಿದೆ.

ಅರ್ತ್ ಸರಿ ಇದೆಯೇ ಎಂದು ನಾವು ನೋಡುವುದು ಬಲ್ಬ್ ಹಚ್ಚಿ. ಒಂದು ತುದಿ ಕರೆಂಟಿಗೆ, ಇನ್ನೊಂದು ತುದಿ ಅರ್ತಿಗೆ. ಬಲ್ಬ್ ಪೂರಾ ಬೆಳಗಿದರೆ ನೆಲ ಎಳೆಯುತ್ತಿದೆ ಎಂದು ಅರ್ಥ. ನೂರು ಕ್ಯಾಂಡಲ್ಲಿನ ಬಲ್ಬ್ ಹಚ್ಚಿದೆ. ಒಳಗಿನ ತಂತಿ ಕೆಂಪಗಾಯಿತೇ ಹೊರತು ಬೆಳಗಲಿಲ್ಲ. ಪೈಪಿನ ಬುಡಕ್ಕೆ ಎರಡು ಬಿಂದಿಗೆ ನೀರು ಹೊಯ್ದೆ. ಸ್ವಲ್ಪ ಹಳದಿಯಾಯಿತು. ದಿನಾ ನೀರು ಹೊಯ್ದರೆ ಆಯಿತು, ಮಳೆ ಬಂದರೆ ಸರಿಹೋಗುತ್ತದೆ ಎಂದುಕೊಂಡೆ. ಪ್ರೇಮಮ್ಮನಿಗೆ ಹೇಳಲಿಲ್ಲ. ಹೇಳಿದರೆ ಅವ್ವನಿಗೆ ಗೊತ್ತಾಗುತ್ತದೆ.

“ಅರ್ತ್ ಆಯ್ತಾ ಅಪ್ಪ?” ಮಂಚದ ಮೇಲಿಂದಲೇ ವಿಮಲ ಕೇಳಿದಳು.

“ಆಯ್ತು ಕಣಮ್ಮ.”

“ಗುಂಡಿ ತೋಡ್ದೆ ಹೆಂಗಪ್ಪ?”

“ಪೈಪ್ ಹೊಡ್ದಿದ್ದೀನಿ. ಅಜ್ಜಿ ಹತ್ರ ಬಾಯ್ಬಿಡ್ಬೇಡ.”

ಅಲ್ಲಿಗೆ ಅವ್ವನಿಗೆ ಗುಂಡಿ ತೋಡಲಿಲ್ಲ ಎಂಬ ಸಮಾಧಾನ, ಮಗಳಿಗೆ ಅರ್ತ್ ಬಂತು ಎಂಬ ಸಮಾಧಾನ. ಮೊದಲ ವಾರ ಬೆಳಿಗ್ಗೆ ಮುಖ ತೊಳೆಯುವ ನೆಪದಲ್ಲಿ ನಾನೇ ಪೈಪಿನ ಬುಡಕ್ಕೆ ನೀರು ಹೊಯ್ದೆ. ಆಮೇಲೆ ನಲ್ಲಿಯಲ್ಲಿ ನೀರು ಮೂರು ದಿನಕ್ಕೊಮ್ಮೆ ಬರತೊಡಗಿತು. ಕೈತೊಳೆದ ನೀರನ್ನೂ ಪ್ರೇಮಮ್ಮ ಬಕೆಟ್ಟಿನಲ್ಲಿ ಹಿಡಿದಿಡುತ್ತಿದ್ದಳು. ಅಂಗಡಿಯ ಮುಂದೆ ಹದಿನಾಲ್ಕು ಮೋಟಾರು ಕೂತಿದ್ದವು. ಪೈಪು ನನಗೆ ಮರೆತೇ ಹೋಯಿತು ಎನ್ನಲಾರೆ. ನೆನಪಾಗುತ್ತಿತ್ತು, ಬಸ್ಸಿನಲ್ಲಿ ಕೂತಾಗ, ಯಾರದೋ ಬಾವಿಯ ಕಟ್ಟೆಯ ಮೇಲೆ. ಮನೆಗೆ ಬಂದಾಗ ನೆನಪಾಗುತ್ತಿರಲಿಲ್ಲ.

ಏಪ್ರಿಲ್ ಕೊನೆಯ ಸೋಮವಾರ ಪಂಚನಹಳ್ಳಿಯಲ್ಲಿ ತೆಂಗಿನ ತೋಟವೊಂದರ ಬೋರ್‌ವೆಲ್ಲಿನ ಸ್ಟಾರ್ಟರ್ ಬಿಚ್ಚಿಕೊಂಡು ಕೂತಿದ್ದೆ. ಹನ್ನೆರಡೂವರೆಗೆ ಕಡೂರು ಬಸ್ಸಿನ ಕಂಡಕ್ಟರು ರಸ್ತೆಯಿಂದಲೇ ಕೂಗಿದ.

“ಷಡಕ್ಷರಪ್ನೋರೆ, ಮನೇಲಿ ಬರ್ಬೇಕಂತೆ. ಅಜ್ಜಂಪುರದ ಬಸ್ಸಲ್ಲಿ ಹೇಳ್ಕಳ್ಸವ್ರೆ.”

“ಯಾರಿಗೇನಾಯ್ತಂತಪ್ಪ?”

“ಅದೇನೂ ಹೇಳಿಲ್ಲ ಕಣ್ರೀ.”

ಅವ್ವನಿಗೆ ಎಪ್ಪತ್ತಾರು. ಅವಳೇ ಎಂದುಕೊಂಡೆ. ಬಸ್ಸಿನಲ್ಲಿ ಯಾರು ಯಾರಿಗೆ ಹೇಳಿಕಳಿಸಬೇಕು ಎಂದು ಲೆಕ್ಕ ಹಾಕುತ್ತಾ ಬಂದೆ. ಕಡೂರಿನಲ್ಲಿ ಬಸ್ಸು ಬದಲಿಸುವಾಗ ಹೂವಿನ ಹಾರ ಇಲ್ಲೇ ತೆಗೆದುಕೊಳ್ಳಲೇ, ಊರಿನಲ್ಲಿ ಸಿಗುತ್ತದೆಯೇ ಎಂದು ಕೂಡ ನಿಂತು ಯೋಚಿಸಿದೆ.

ಮನೆಗೆ ಬಂದಾಗ ನಾಲ್ಕು ಗಂಟೆ. ಅವ್ವ ಜಗಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ವಿಮಲ, ಬಲಗೈಗೆ ಒದ್ದೆ ಬಟ್ಟೆ ಸುತ್ತಿಕೊಂಡು. ಎದುರುಮನೆಯ ಕರಿಬಸಮ್ಮ ಎಲೆಯಡಿಕೆ ಹಾಕುತ್ತಾ ಕೂತಿದ್ದಳು.

“ಏನಿಲ್ಲ ಕಣಪ್ಪ,” ಅಂದಳು ವಿಮಲ. “ಅಮ್ಮ ಸುಮ್ನೆ ಹೇಳ್ಕಳ್ಸಿದ್ಲು. ಶಾಕ್ ಹೊಡೀತು, ಅಷ್ಟೆ. ಅದಕ್ಕಿಂತ ಅಜ್ಜಿ ಹೊಡ್ದಿದ್ದು ಜೋರಾಗಿತ್ತು.”

“ಹೊಡೀದೆ ಇನ್ನೇನ್ ಮಾಡ್ಲಿ?” ಅಂದಳು ಅವ್ವ. “ಕರೆಂಟ್ ಹಿಡಿದೋರ್ನ ಮುಟ್ಬಾರ್ದು, ಕೋಲಲ್ಲಿ ಹೊಡೀಬೇಕು ಅಂತ ನೀನೇ ತಾನೆ ಹೇಳ್ಕೊಟ್ಟಿದ್ದು. ಊರುಗೋಲಲ್ಲಿ ಕೈ ಮೇಲೆ ಬಿಟ್ಟೆ.”

“ಸೊಸೇಗೆ ಹೊಡೀಬೇಕು ಅಂತ ಮಡಗಿದ್ದ ಕೋಲು,” ಅಂದಳು ಕರಿಬಸಮ್ಮ. “ಮೊಮ್ಮಗಳಿಗೆ ಬಿತ್ತು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದದ್ದು ಏನೆಂದರೆ, ಅವಳು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕಾಲಿನಲ್ಲೇ ಬಂದು, ಕೆಂಪು ಗಾರೆ ನೆಲದ ಮೇಲೆ ನಿಂತು ಮುಚ್ಚಳ ಎತ್ತಿದ್ದಳು. ಸ್ವಿಚ್ ಆಫ್ ಮಾಡಿರಲಿಲ್ಲ. ಮಣೆಯನ್ನು ಅವ್ವ ವಾರದ ಹಿಂದೆಯೇ ಅಡುಗೆಮನೆಗೆ ಒಯ್ದಿದ್ದಳು. ಅರ್ತ್ ಬಂದಿದೆಯಲ್ಲ, ಇನ್ನು ಮಣೆ ಯಾತಕ್ಕೆ ಎಂದುಕೊಂಡು ವಿಮಲಳೇ ಕೊಟ್ಟಿದ್ದಳು.

ಪ್ರೇಮಮ್ಮ ಕಾಫಿ ಲೋಟ ಕೊಡುವ ನೆಪದಲ್ಲಿ ನನ್ನನ್ನು ಒಳಗೆ ಕರೆದಳು.

“ಬೆಳಿಗ್ಗೆಯಿಂದ ಅಲುಗಾಡಿಲ್ವಂತೆ ರೀ.”

ನಾನು ಲೋಟ ಕೆಳಗಿಟ್ಟೆ. ಬಾಡಿಗೆ ಕಾರಿಗೆ ಹೇಳಿಕಳಿಸಿ ಎಂದೆ. ಕಾರು ಬರುವುದರೊಳಗೆ ಹಿತ್ತಿಲಿಗೆ ಹೋಗಿ ಬಲ್ಬ್ ಹಚ್ಚಿ ನೋಡಿದೆ. ತಂತಿ ಕೆಂಪಗೂ ಆಗಲಿಲ್ಲ. ಬಗ್ಗಿ ಪೈಪು ಹಿಡಿದು ಎಳೆದೆ. ಒಣಗಿದ ನೊರಜಿನಿಂದ ಅದು ಒಂದೇ ಕೈಗೆ ಸಲೀಸಾಗಿ ಬಂತು. ಅದನ್ನು ಸೌದೆಯ ಒಟ್ಟಿಲಿನ ಹಿಂದೆ ತಳ್ಳಿ, ಹಸಿರು ವೈರಿನ ತುದಿಯನ್ನು ಮಣ್ಣಿನೊಳಗೆ ಬೆರಳಿನಿಂದ ಒತ್ತಿ ಮುಚ್ಚಿದೆ. ಯಾಕೆ ಹಾಗೆ ಮಾಡಿದೆ ಎಂದು ಯೋಚಿಸಿ ಮಾಡಲಿಲ್ಲ. ಕೈ ತಾನಾಗಿ ಮಾಡಿತು.

ತರೀಕೆರೆಯ ಲೇಡಿ ಡಾಕ್ಟರು ಹೊಟ್ಟೆಯ ಮೇಲೆ ಮರದ ಕೊಳವೆ ಇಟ್ಟು, ಅದಕ್ಕೆ ಕಿವಿಗೊಟ್ಟು ಬಹಳ ಹೊತ್ತು ಕೇಳಿದರು. ಜಾಗ ಬದಲಿಸಿ ಮತ್ತೆ ಕೇಳಿದರು. ಬಡಿತ ಇದೆ, ನಿಧಾನ ಇದೆ ಎಂದರು. ಅಲ್ಲೇ ಇರಿಸಿಕೊಂಡರು. ಲಕ್ಕವಳ್ಳಿಯಿಂದ ದೇವೀರಪ್ಪ ಬಂದ. ಎರಡು ದಿನ ನಾವು ವೆರಾಂಡದ ಬೆಂಚಿನ ಮೇಲೆ ಕೂತಿದ್ದೆವು. ಡಾಕ್ಟರು ಕೊಳವೆ ಹಿಡಿದು ಒಳಗೆ ಹೋದಾಗಲೆಲ್ಲ ಅವ್ವ ಕೊರಳಿನ ಲಿಂಗದ ಕರಡಿಗೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತಿದ್ದಳು. ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ಕೇಳಿದ್ದು ಇನ್ನೂ ಹೆಚ್ಚು ಹೊತ್ತು. ಆಮೇಲೆ ಹೊರಗೆ ಬಂದು ದೇವೀರಪ್ಪನನ್ನು ಮಾತ್ರ ಕರೆದರು.

ಹೆಣ್ಣು ಕೂಸು. ತಲೆ ತುಂಬ ಕೂದಲಿತ್ತು.

ನಾನು ಡಾಕ್ಟರನ್ನು ಕೇಳಿದೆ, ಕರೆಂಟಿನಿಂದಲೇ ಹೀಗಾಯಿತೇ ಎಂದು. ಅವರು ಕೈ ಒರೆಸಿಕೊಳ್ಳುತ್ತಾ ಹೇಳಿದರು. “ಅದರಿಂದಲೇ ಅಂತ ಹೇಳೋಕಾಗಲ್ಲ ಯಜಮಾನ್ರೆ. ಮೊದಲೇ ಎರಡು ಹೋಗಿದೆ. ಅದರಿಂದ ಅಲ್ಲ ಅಂತಲೂ ಹೇಳೋಕಾಗಲ್ಲ.”

ಅಜ್ಜಂಪುರಕ್ಕೆ ಕರೆತಂದೆವು. ಕೂಸಿಲ್ಲದಿದ್ದರೂ ಬಾಣಂತಿ ಬಾಣಂತಿಯೇ. ಪ್ರೇಮಮ್ಮ ಕೋಣೆಗೆ ಕಂಬಳಿ ಕಟ್ಟಿ, ಬಿಸಿನೀರು ಹೊಯ್ದು, ಮೆಣಸಿನ ಸಾರು ಮಾಡಿದಳು. ಎದೆಯ ಹಾಲು ಇಂಗಲೆಂದು ಬಿಗಿಯಾಗಿ ಬಟ್ಟೆ ಕಟ್ಟುವಾಗ ವಿಮಲ ನೋವಿಗೆ ಹಲ್ಲು ಕಚ್ಚುವ ಸದ್ದು ನಡುಮನೆಗೆ ಕೇಳುತ್ತಿತ್ತು. ತೊಟ್ಟಿಯ ಪ್ಲಗ್ಗನ್ನು ನಾನು ಕಿತ್ತಿದ್ದೆ. ಗಾಳಿ ಇಲ್ಲದೆ ಮೀನುಗಳು ಒಂದೊಂದಾಗಿ ಮೇಲೆ ಬಂದು ಮಗುಚಿಕೊಂಡವು. ಕೊನೆಯ ಎರಡನ್ನು ದೇವೀರಪ್ಪ ಬಕೆಟ್ಟಿನಲ್ಲಿ ಒಯ್ದು ಕೆರೆಗೆ ಬಿಟ್ಟುಬಂದ.

ಬಂದವನು ಕಿಟಕಿಯ ಹತ್ತಿರ ನಿಂತು ಹಸಿರು ವೈರನ್ನು ನೋಡಿದ.

“ಅರ್ತ್ ಇದ್ರೂ ಹೆಂಗೆ ಹೊಡೀತು ಮಾವ?”

“ಚೋಕ್ ಪೂರಾ ಹೋಗಿತ್ತು ದೇವೀರಪ್ನೋರೆ,” ಅಂದೆ. ಅದು ಸುಳ್ಳಲ್ಲ. ಅವನು ತಲೆಯಾಡಿಸಿದ. ನನ್ನ ಕೆಲಸದ ಬಗ್ಗೆ ನನ್ನನ್ನೇ ಎರಡನೆಯ ಸಲ ಕೇಳುವ ಮನುಷ್ಯ ಅವನಲ್ಲ.

ನೋಡಲು ಬಂದ ಹೆಂಗಸರು ಒಬ್ಬೊಬ್ಬರೂ ಒಂದೊಂದು ಹೇಳಿದರು. ಕೆಲವರು ತಪ್ಪನ್ನು ಮೀನಿನ ಮೇಲೆ ಹಾಕಿದರು. ಕೆಲವರು ಸೋಮವಾರ ತಲೆಗೆ ನೀರು ಹಾಕಿಕೊಂಡದ್ದರ ಮೇಲೆ. ಅವ್ವ ನನ್ನನ್ನು ಮೂಲೆಗೆ ಕರೆದು ಕೇಳಿದಳು. “ನಾನು ಸಖರಾಯಪಟ್ನದಾಗಿದ್ದಾಗ ಏನಾರ ತೋಡಿದ್ಯೇನೋ? ನಿಜ ಹೇಳು.” ಇಲ್ಲ ಕಣವ್ವ ಎಂದೆ. ಅದೂ ಸುಳ್ಳಲ್ಲ.

ಹದಿನೈದನೆಯ ದಿನವೋ ಹದಿನಾರನೆಯ ದಿನವೋ, ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದೆ. ಕೋಣೆಯೊಳಗೆ ಕರಿಬಸಮ್ಮ ಕೂತಿದ್ದಳು.

“ಒದ್ದೆ ಕಾಲಲ್ಲಿ ಯಾಕ್ ಹೋದ್ಯೇ ನನ್ನವ್ವ? ಕರೆಂಟಿನೋನ ಮಗಳಾಗಿ ಅಷ್ಟೂ ತಿಳೀಲಿಲ್ವಾ ನಿಂಗೆ?”

ವಿಮಲಳ ಧ್ವನಿ ಸಣ್ಣಗಿತ್ತು. “ಅಪ್ಪ ಹೇಳಿದ್ರು ಕಣತ್ತೆ. ಸ್ವಿಚ್ ತೆಗಿ, ಮಣೆ ಮೇಲೆ ನಿಂತ್ಕೋ ಅಂತ. ಅರ್ತ್ ಕೂಡ ಹಾಕಿದ್ರು. ನಾನೇ ಸೋಮಾರಿತನ ಮಾಡ್ದೆ. ಮೊದಲೆರಡು ಹೆಂಗೆ ಹೋದ್ವೋ ಗೊತ್ತಿಲ್ಲ. ಇದನ್ನ ನಾನೇ ಕೊಂದೆ.”

ಅಂಗಡಿಗೆ ಹೋಗಲಿಲ್ಲ. ಕರಿಬಸಮ್ಮ ಹೋಗುವವರೆಗೂ ಜಗಲಿಯ ಮೇಲೆ ಕೂತಿದ್ದೆ. ಆಮೇಲೆ ಒಳಗೆ ಹೋದೆ. ಬಾಣಂತಿಯ ಕೋಣೆಯೊಳಕ್ಕೆ ಗಂಡಸರು ಹೋಗುವುದಿಲ್ಲ. ಕಂಬಳಿಯ ಈಚೆಗೆ, ಹೊಸ್ತಿಲ ಬಳಿ ಕೂತೆ. ಅವಳ ಕಾಲು ಮಾತ್ರ ಕಾಣುತ್ತಿತ್ತು.

“ವಿಮಲ, ನೀನು ಕೊಂದಿಲ್ಲ ಕಣಮ್ಮ. ಆ ಅರ್ತ್ ಅರ್ತಾಗಿರ್ಲಿಲ್ಲ.”

ಹೊಸ್ತಿಲನ್ನೇ ನೋಡುತ್ತಾ ಮುಂದಿನದನ್ನೂ ಹೇಳಿದೆ.

“ಎರಡಡಿ ಪೈಪು. ಒಣ ನೆಲ. ನೀರು ಹೊಯ್ಬೇಕಿತ್ತು, ಹೊಯ್ಲಿಲ್ಲ. ಕರೆಂಟ್ ಇಳಿಯೋಕೆ ದಾರೀನೇ ಇರ್ಲಿಲ್ಲ ಅದಕ್ಕೆ.”

ಒಳಗಿನಿಂದ ಕೇಳಿತು. “ಬಲ್ಬ್ ಹಚ್ಚಿ ನೋಡ್ದ್ಯಾ?”

“ಯಾವಾಗ?”

“ಹಾಕ್ದಾಗ.”

“ನೋಡ್ದೆ.”

“ಎಷ್ಟು ಉರೀತು?”

ಎಂಟು ಒಂಬತ್ತು ವರ್ಷದವಳಿದ್ದಾಗ ರಜೆಯಲ್ಲಿ ನನ್ನ ಜೊತೆ ಬಂದು ಬಲ್ಬ್ ಹಿಡಿದುಕೊಳ್ಳುತ್ತಿದ್ದವಳು ಅವಳು. ಎಷ್ಟು ಉರಿದರೆ ಏನು ಎಂದು ಅವಳಿಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ.

“ಕೆಂಪಗಾಯ್ತು,” ಅಂದೆ.

“ಬರೀ ಕೆಂಪಗಾ?”

“ಹೂಂ.”

“ಮತ್ತೆ ಆಯ್ತು ಅಂತ ಯಾಕಪ್ಪ ಹೇಳ್ದೆ?”

ಅವ್ವನ ಮಾತು, ಹದಿನಾಲ್ಕು ಮೋಟಾರು, ಮೂರು ದಿನಕ್ಕೊಮ್ಮೆ ಬರುವ ನೀರು, ಇಷ್ಟೂ ನನ್ನ ಬಾಯಿಯವರೆಗೆ ಬಂದವು. ಹೇಳಲಿಲ್ಲ. ಅವಳು ದಿನಾ ಕೇಳುತ್ತಿದ್ದಳು, ಕೇಳುವುದು ನಿಲ್ಲಲಿ ಎಂದು ಹೇಳಿದ್ದೆ. ಅದೇ ನಿಜ. ಅದನ್ನೂ ಹೇಳಲಾಗಲಿಲ್ಲ.

“ಇಲ್ಲ ಅಂದಿದ್ರೆ ಮಣೆ ಬಿಡ್ತಿರ್ಲಿಲ್ಲ ನಾನು,” ಅಂದಳು. ಅವಳ ಧ್ವನಿಯಲ್ಲಿ ಅಳುವಿರಲಿಲ್ಲ. ಕಾಲುಗಳು ಕಂಬಳಿಯ ಆಚೆಗೆ ಸರಿದವು.

ಅವಳು ಅದನ್ನು ತನ್ನ ಅಮ್ಮನಿಗೆ ಹೇಳಲಿಲ್ಲ, ಅಜ್ಜಿಗೂ ಹೇಳಲಿಲ್ಲ. ಆ ವಾರದ ಕೊನೆಗೆ ದೇವೀರಪ್ಪ ಬಂದಾಗ ಊರಿಗೆ ಹೋಗೋಣ ಎಂದಳು. ನಲವತ್ತು ದಿನ ಆಗದೆ ಬಾಣಂತಿ ಬಸ್ಸು ಹತ್ತುವುದು ಉಂಟೇ ಎಂದು ಅವ್ವ ಗದರಿದಳು, ಪ್ರೇಮಮ್ಮ ಅತ್ತಳು. “ಅಲ್ಲಾದ್ರೆ ನಿದ್ದೆ ಬರುತ್ತೆ ಅಮ್ಮ,” ಎಂದಷ್ಟೇ ಅಂದಳು. ಹೊರಡುವಾಗ ಎಲ್ಲರ ಕಾಲು ಮುಟ್ಟಿದಳು. ನನ್ನದನ್ನೂ ಮುಟ್ಟಿದಳು. ತಲೆಯ ಮೇಲೆ ಕೈಯಿಡಲು ನಾನು ಬಗ್ಗುವುದರೊಳಗೆ ಎದ್ದಿದ್ದಳು.

ಆಮೇಲೆ ಅವಳು ಬರೆಯುವ ಕಾಗದಗಳು ಅಮ್ಮನ ಹೆಸರಿಗೆ ಬಂದವು. ಕೊನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ತಿಳಿಸು ಎಂದಿರುತ್ತಿತ್ತು. ಗೌರಿ ಹಬ್ಬಕ್ಕೆ ಬರಲಿಲ್ಲ. ದೀಪಾವಳಿಗೆ ದೇವೀರಪ್ಪ ಒಬ್ಬನೇ ಬಂದು ಒಂದೂಟ ಉಂಡು ಹೋದ.

ಮುಂದಿನ ವರ್ಷ ಮಳೆಗಾಲದಲ್ಲಿ ವೈಂಡಿಂಗ್ ತಂತಿ ತರಲು ತರೀಕೆರೆಗೆ ಹೋಗಿದ್ದೆ. ಅಂಗಡಿಯಲ್ಲಿ ಅಲ್ಲಿಯ ವೈರ್‌ಮನ್ ಬಸವರಾಜ ಸಿಕ್ಕಿದ. ಒಟ್ಟಿಗೆ ಪರೀಕ್ಷೆ ಕಟ್ಟಿ ಲೈಸೆನ್ಸ್ ತೆಗೆದುಕೊಂಡವರು ನಾವು.

“ಲಕ್ಕವಳ್ಳೀಲಿ ನಿಮ್ಮ ಮಗಳ ಮನೇಲಿ ಕೆಲ್ಸ ಮುಗ್ಸಿ ಬಂದೆ ಕಣ್ರೀ ಮೊನ್ನೆ.”

“ಏನು ಕೆಲ್ಸ?”

“ಅರ್ತಿಂಗು. ಸಾಕಾಗೋಯ್ತು ಮಾರಾಯ್ರೆ ನಿಮ್ಮ ಮಗಳ ಹತ್ರ. ಕುರ್ಚಿ ಹಾಕ್ಕೊಂಡು ಎದುರಿಗೇ ಕೂತ್ಕೊಂಡ್ಲು. ಆಳು ಐದಡಿಗೆ ಕಲ್ಲು ಸಿಕ್ತು ಸಾಕು ಅಂದ್ರೆ, ಟೇಪು ತರ್ಸಿ ಅಳೆದ್ಲು. ಬಸುರಿ ಎದುರಿಗೆ ಗುಂಡಿ ತೋಡೋಕೆ ಅವನಿಗೆ ಭಯ, ನಂಗೂ ಒಂಥರಾ. ‘ಐದು ತಿಂಗ್ಳು ಕಣಮ್ಮ, ಒಳಗೆ ಹೋಗು’ ಅಂದೆ. ‘ತೋಡಿ ನೀವು’ ಅಂದ್ಲು.”

ಅಂಗಡಿಯವನು ತಂತಿಯ ಸುರುಳಿಯನ್ನು ತಕ್ಕಡಿಗೆ ಹಾಕಿದ. ಐದು ತಿಂಗಳು ಎಂಬುದನ್ನು ನಾನು ಕೇಳಿದ್ದು ಆಗಲೇ. ಪ್ರೇಮಮ್ಮನಿಗೆ ಗೊತ್ತಿತ್ತೋ ಏನೋ.

“ಈ ಸಲವೂ ತವರಿಗೆ ಬರ್ತಾಳೇನು ಹೆರಿಗೆಗೆ?” ಅಂದ ಬಸವರಾಜ.

“ಇಲ್ಲ. ಅಲ್ಲೇ.”

“ಅಲ್ಲ, ಮನೇಲೇ ವೈರ್‌ಮನ್ ಇಟ್ಕೊಂಡು ನನ್ನ ಕರ್ಸಿದ್ರಲ್ಲ ಅಂತ ನಂಗೆ ಆಶ್ಚರ್ಯ. ನಿಮ್ಗೆ ಹೇಳ್ಲಿಲ್ವಾ?”

“ಹೇಳಿದ್ಲು,” ಅಂದೆ. “ನಂಗೇ ಪುರ್ಸೊತ್ತಾಗ್ಲಿಲ್ಲ.”